ಕೆಂಪು ಬಳಿದ ಹಿಡಿ

ಮಂಜುನಾಥ ಸರ್, ಆ ದಿನ ಡೇಟಾ ಸೆಂಟರಿನ ಸ್ವಿಚ್ ಬಿಸಿಯೇರಿ ನಿಂತುಹೋದದ್ದು ನಿಮ್ಮ ಆಯ್ಕೆ ತಪ್ಪಾಗಿದ್ದರಿಂದ ಅಲ್ಲ. ಅದನ್ನು ಕೆಡಿಸಿದವನು ನಾನು. ಗಲ್ಫಿನಲ್ಲಿ, ವಾದಿ ಕಬೀರಿನ ನಮ್ಮ ಕಂಪನಿ ಸ್ಟೋರಿನಲ್ಲಿ ಸಾಮಾನು ಇಳಿಸಿ ಎತ್ತಿಡುತ್ತಿದ್ದ ವಾಸು — ನೀವು ವಾಸಣ್ಣ ಎನ್ನುತ್ತಿದ್ದಿರಿ. ಎಂಟು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ಉಂಡೆ, ನಕ್ಕೆ, ನಿದ್ದೆಯನ್ನೂ ಮಾಡಿದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ — ಬರವಣಿಗೆಯನ್ನು ಮಾತ್ರ.

ನಿಮಗೆ ನೆನಪಿರಬಹುದು. ಹೊಸ ಡೇಟಾ ಸೆಂಟರಿಗೆ ಯಾವ ಸ್ವಿಚ್ ತರುವುದೆಂದು ಆಫೀಸಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದಿತ್ತು. ಎಲ್ಲರಿಗೂ ದೊಡ್ಡ ಹೆಸರಿನದ್ದೇ ಬೇಕು. ನೀವೊಬ್ಬರೇ ಬೇರ್ ಮೆಟಲ್ ಸ್ವಿಚ್ ಎಂದು ಹಟ ಹಿಡಿದಿದ್ದಿರಿ. ಚಹಾಕ್ಕೆಂದು ಸ್ಟೋರಿಗೆ ಬಂದಾಗ ನಾನು ಕೇಳಿದ್ದೆ:

“ಎಂತ ಸರ್ ಅದು, ಮೈಮೇಲೆ ಹೆಸರೇ ಇಲ್ಲದ್ದು?”

“ಬರೀ ಪೆಟ್ಟಿಗೆ ವಾಸಣ್ಣ. ಕಂಪ್ಯೂಟರುಗಳ ಮಾತೆಲ್ಲ ಇದರೊಳಗೇ ಹಾದು ಹೋಗತ್ತೆ. ಆದ್ರೆ ಒಳಗಿನ ಸಾಫ್ಟ್‌ವೇರು ನಮಗೆ ಬೇಕಾದ್ದು ನಾವೇ ಹಾಕ್ಕೊಳೋದು. ಯಾವುದೋ ಒಂದು ಕಂಪನಿ ಕೈಗೆ ಜುಟ್ಟು ಕೊಟ್ಟು ಕೂರೋ ಹಾಗಿಲ್ಲ.”

“ಹಾಗಾದ್ರೆ ಸೀರೆ ಅವರದ್ದು, ರವಕೆ ನಮ್ಮ ಇಷ್ಟದ್ದು.”

ನೀವು ಜೋರಾಗಿ ನಕ್ಕಿರಿ. “ಎಂತ ಮಾರಾಯ್ರೆ, ನೀವೇ ಮ್ಯಾನೇಜರ್ ಆಗ್ಬೇಕಿತ್ತು!” ಎಂದು ನಮ್ಮ ಊರಿನ ಮಾತನ್ನು ಅಣಕಿಸಿದಿರಿ. ಆ ಕಂಪನಿಯಲ್ಲಿ ನನ್ನನ್ನು ಕೂರಿಸಿಕೊಂಡು ವಿವರಿಸಿದವರು ನೀವೊಬ್ಬರೇ ಸರ್. ಅದಕ್ಕೇ…

ಪರೀಕ್ಷೆಗೆಂದು ಒಂದು ಸ್ವಿಚ್ ಬಂತು. ಅದರ ಹಿಂಬದಿಯಲ್ಲಿ ಒಳಗನ್ನು ತಣ್ಣಗಿಡಲು, ಎಳೆದು ತೆಗೆಯುವಂಥ ಕೆಂಪು ಹಿಡಿಯ ನಾಲ್ಕು ಫ್ಯಾನುಗಳಿದ್ದವು. ಜೊತೆಗೆ ಬೇರೊಂದು ರಟ್ಟಿನ ಪೆಟ್ಟಿಗೆಯಲ್ಲಿ ನೀಲಿ ಹಿಡಿಯ ಫ್ಯಾನುಗಳು. ಪಿಕಪ್ಪಿನಿಂದ ಸ್ವಿಚ್ಚಿನ ಬಾಕ್ಸ್ ಇಳಿಸುತ್ತಿದ್ದೆ, ಆಗ ಮೊಬೈಲ್ ಬಡಿಯಿತು. ಮೊಮ್ಮಗಳು ದೀಕ್ಷಾ. ಆಗ ಅವಳು ಶಾಲೆಯ ಹುಡುಗಿ. “ಅಜ್ಜ, ಗಣಿತದಲ್ಲಿ ಕ್ಲಾಸಿಗೇ ಫಸ್ಟ್!” ನನಗೆ ನೆಲವೇ ಕಾಣಲಿಲ್ಲ ಸರ್, ಅಷ್ಟು ಖುಷಿ. ಫೋನನ್ನು ಹೆಗಲಿಗೆ ಒತ್ತಿಕೊಂಡೇ ಬಾಕ್ಸನ್ನು ಎಳೆದೆ. ಅದು ಸಿಮೆಂಟ್ ನೆಲಕ್ಕೆ ಹಿಂಬದಿಯಾಗಿ ಬಿತ್ತು. ಬಿಚ್ಚಿ ನೋಡಿದರೆ ಎರಡು ಫ್ಯಾನುಗಳ ಹಿಡಿ ಮುರಿದು ರೆಕ್ಕೆ ಸೀಳಿಹೋಗಿತ್ತು.

ಸೀದಾ ನಿಮ್ಮ ಹತ್ತಿರ ಬರಬೇಕಿತ್ತು — ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಬರಲಿಲ್ಲ. ನೀಲಿ ಹಿಡಿಯ ಎರಡು ಫ್ಯಾನು ತೆಗೆದು ಮುರಿದವುಗಳ ಜಾಗಕ್ಕೆ ತಳ್ಳಿದೆ. ಸರಿಯಾಗಿ ಕೂತವು. ಗಾಳಿ ಯಾವುದಾದರೂ ಗಾಳಿಯೇ ತಾನೇ ಎಂದುಕೊಂಡೆ. ಆದರೆ ಎರಡು ಕೆಂಪಿನ ನಡುವೆ ಎರಡು ನೀಲಿ ಎದ್ದು ಕಾಣುತ್ತಿತ್ತು. ಸ್ಟೋರಿನಲ್ಲಿ ಪೈಪುಗಳಿಗೆ ಗುರುತು ಹಾಕುವ ಕೆಂಪು ಪೇಂಟಿತ್ತು…

ಕೈಜಾರಿದ್ದು ಒಂದು ಕ್ಷಣದ ಮಾತು. ಬಣ್ಣ ಬಳಿಯಲು ಮಾತ್ರ ಪುರುಸೊತ್ತಾಗಿ ಕೂತಿದ್ದೆ. ಒಣಗಿತೇ ಎಂದು ಬೆರಳಿನಿಂದ ಮುಟ್ಟಿಯೂ ನೋಡಿದ್ದೆ.

ಮೂರನೇ ದಿನ ಎಲ್ಲ ದೊಡ್ಡವರ ಎದುರಿಗೇ ನಿಮ್ಮ ಸ್ವಿಚ್ ಕಾದು ಬಂದ್ ಆಯಿತು. ಮ್ಯಾನೇಜರ್ ನಿಮಗೆ ಅದನ್ನು ಬಿಚ್ಚಿ ನೋಡಲೂ ಬಿಡಲಿಲ್ಲ. “ಖಲಾಸ್. ಪ್ಯಾಕ್ ಕರೋ, ವಾಪಸ್ ಭೇಜೋ” ಎಂದು ಕಟ್ಟಿಸಿ ಹಿಂದಕ್ಕೆ ಕಳಿಸಿದರು. ನೀವು ಸ್ಟೋರಿನ ಬಾಗಿಲಲ್ಲಿ ನಿಂತು ನನ್ನನ್ನು ಒಂದೇ ಒಂದು ಮಾತು ಕೇಳಿದಿರಿ.

“ವಾಸಣ್ಣ, ಇಳಿಸುವಾಗ ಬಾಕ್ಸ್ ಏನಾದ್ರೂ ಬಿತ್ತಾ?”

“ಇಲ್ಲ ಸರ್. ಬೀಳ್ಲೇ ಇಲ್ಲ.”

ನೀವು ನಂಬಿದಿರಿ. ಇನ್ನೊಮ್ಮೆ ಕೇಳಲಿಲ್ಲ — ಕೇಳಿದ್ದರೂ ಅದೇ ಹೇಳುತ್ತಿದ್ದೆನೋ ಏನೋ. ಆಮೇಲೆ ನಿಮ್ಮ ಕರಾರು ಮುಂದುವರಿಯಲಿಲ್ಲ. ಮೈಸೂರಿಗೆ ಹೊರಟ ದಿನ ಸ್ಟೋರಿಗೆ ಬಂದು ನಿಮ್ಮ ಚಹಾದ ಲೋಟವನ್ನು ನನಗೇ ಕೊಟ್ಟು ಹೋದಿರಿ. ಆ ಲೋಟ ಮಗಳ ಮನೆಯಲ್ಲಿ ಈಗಲೂ ಇದೆ. ಒಂದು ದಿನವೂ ಅದರಲ್ಲಿ ಕುಡಿಯಲಾಗಲಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ದೀಕ್ಷಾ ಇಂಜಿನಿಯರ್ ಆಗಿದ್ದಾಳೆ ಸರ್! ಇಲ್ಲೇ ಬೌಷರಿನಲ್ಲಿ ಆಫೀಸು. ನಾನು ಊರಿನಿಂದ ಅಲ್ ಅಮೇರಾತಿನ ಮಗಳ ಮನೆಗೆ ಬಂದಿದ್ದೇನೆ. ಹೋದ ವಾರ ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. “ಅಜ್ಜ, ಡೇಟಾ ಸೆಂಟರಿಗೆ ಸ್ವಿಚ್ ಸೆಲೆಕ್ಟ್ ಮಾಡುವ ಕೆಲಸ ನಂಗೇ ಕೊಟ್ಟಿದ್ದಾರೆ!” ನಾನು ಕೆಳಗಿನ ಅಂಗಡಿಯಿಂದ ಹಲ್ವಾ ತಂದು ಕಟ್ಟಡದ ಎಲ್ಲ ಮನೆಗಳಿಗೂ ಹಂಚಿದೆ. ಪಾಕಿಸ್ತಾನದ ಡ್ರೈವರಿಗೂ ಕೊಟ್ಟೆ, ವಾಚ್‌ಮನ್‌ಗೆ ಎರಡು ಸಲ ಕೊಟ್ಟೆ. ಅವಳು ಆರಿಸಿದ್ದು ಯಾವುದನ್ನು ಗೊತ್ತೇ? ಬೇರ್ ಮೆಟಲ್. ನೀವು ಹೇಳಿದ ಕಾರಣಗಳನ್ನೇ ಅವಳೂ ಹೇಳಿದಳು. ನನ್ನ ಎದೆ ತುಂಬಿ ಬಂತು — ಅದರ ಹಿಂದೆಯೇ ನಿಮ್ಮ ಲೋಟದ ಕಡೆ ಕಣ್ಣು ಹೋಯಿತು.

ಬುಧವಾರ ಅವಳು ಸಪ್ಪಗೆ ಬಂದಳು. ಅವಳ ಆಫೀಸಿನಲ್ಲಿ ಈಗಿರುವುದು ನಮ್ಮ ಅದೇ ಮ್ಯಾನೇಜರ್. “ಬೇಡ ಅಂದ್ರು ಅಜ್ಜ. ಮೊದಲು ಒಬ್ಬ ಮಂಜುನಾಥ ಅಂತ ಇದ್ನಂತೆ, ಇಂಥದ್ದೇ ತಂದು ಹಾಳು ಮಾಡಿದ್ನಂತೆ, ಕಾದು ಬಂದ್ ಆಯ್ತಂತೆ. ಫ್ಯಾನಿನ ಗಾಳಿ ಯಾವ ಕಡೆ ಹೋಗ್ತದೆ ಅಂತ್ಲೂ ನೋಡ್ಲಿಲ್ಲವೋ ಏನೋ! ಕೆಂಪು ಹಿಡಿ ಒಂದು ದಿಕ್ಕು, ನೀಲಿ ಹಿಡಿ ಉಲ್ಟಾ. ಎರಡೂ ಸೇರಿಸಿದ್ರೆ ಬಿಸಿ ಗಾಳಿ ಒಳಗೇ ಸುತ್ತುತ್ತದೆ. ಇದು ಕಲಿಯುವ ಮಕ್ಕಳಿಗೂ ಗೊತ್ತು.” ಹೇಳಿ ನಕ್ಕಳು.

ಎಂಟು ವರ್ಷದ ಮೇಲೆ ನನಗೆ ಆ ಬಣ್ಣಗಳ ಅರ್ಥ ತಿಳಿಯಿತು. ಹೇಳಿದವಳು ನನ್ನ ಮೊಮ್ಮಗಳು. ನಕ್ಕದ್ದು ನಿಮ್ಮನ್ನು ನೆನೆದು — ನನ್ನ ಮಗಳ ಮನೆಯಲ್ಲಿ, ನನ್ನ ಎದುರಿಗೆ.

“ನಗಬೇಡ ಮಗಾ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಫೋನಿನ ವಿಷಯ ಒಂದನ್ನು ಬಿಟ್ಟು. ಅದನ್ನು ಅವಳ ತಲೆಗೆ ಹೊರಿಸಬಾರದು. ಬಾಕ್ಸ್ ಹಿಡಿದದ್ದು ನನ್ನ ಕೈ.

ಅವಳು ಎದ್ದು ಕೋಣೆಗೆ ಹೋದಳು. ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ನನ್ನ ಮುಖ ನೋಡದೆ ಹೇಳಿದಳು: “ಅಜ್ಜ, ನಾನಿದನ್ನು ರಿಪೋರ್ಟಿನಲ್ಲಿ ಬರೀಬೇಕಾಗ್ತದೆ. ನಿಮ್ಮ ಹೆಸರು ಹಾಕಿ.”

“ಹಾಕು ಮಗಾ. ಪೂರಾ ಹೆಸರು ಹಾಕು.”

ನಿಮ್ಮ ವಿಳಾಸ ಹುಡುಕಿ ಕೊಟ್ಟವಳೂ ಅವಳೇ. ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು, ಕೈಗೆ ಕೊಡಲಿಲ್ಲ. ಅವಳು ಆರಿಸಿದ ಸ್ವಿಚ್ಚನ್ನು ಇನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಹಳೆಯ ಪೆಟ್ಟಿಗೆ ಈಗ ಎಲ್ಲಿದೆಯೋ. ಸಾಕ್ಷಿ ಎಂದರೆ ನಾನೊಬ್ಬನೇ. ಭಾನುವಾರ ಅವಳ ಜೊತೆ ಬೌಷರಿಗೆ ಹೋಗಿ ಮ್ಯಾನೇಜರ್ ಎದುರು ನಿಂತು ಹೇಳುತ್ತೇನೆ. ಅದರಿಂದ ನಿಮ್ಮ ಎಂಟು ವರ್ಷ ತಿರುಗಿ ಬರುವುದಿಲ್ಲ, ನನಗೆ ಗೊತ್ತು.

ಆದರೆ ಅವರಿಗೆ ಹೇಳುವ ಮೊದಲು ನಿಮಗೆ ಹೇಳಬೇಕಾದದ್ದಿದೆ. ಕೇಳಿದವರು ನೀವು.

ಹೌದು ಸರ್. ಬಾಕ್ಸ್ ಬಿದ್ದಿತ್ತು. ನನ್ನ ಕೈಯಿಂದಲೇ ಬಿದ್ದಿತ್ತು.