ಅರವತ್ತು ದಾಟಿದವರ ಕೋಣೆ

ಕುವೈತ್‌ನಿಂದ ವೇಲ್ಸ್‌ಗೆ ಪ್ರವಾಸ ಹೊರಟ ದಿನ ನಾವಿದ್ದ ಸಾಲ್ಮಿಯಾದ ಗಾಳಿ ಒಲೆಯೊಳಗಿಂದ ಬಂದ ಹಾಗಿತ್ತು. ನನ್ನ ಕೈಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಯಜಮಾನರ ತಲೆಯಲ್ಲಿ ಕಂಪನಿಯವರ ಪ್ರಶ್ನೆ. ನಿವೃತ್ತಿಯಾದರೂ ಇನ್ನೆರಡು ವರ್ಷ ಕೆಲಸ ಕೊಡುತ್ತಾರಂತೆ, ಆದರೆ ಮೀನಾ ಅಬ್ದುಲ್ಲಾ ಎಂಬಲ್ಲಿನ ಕೆಲಸಗಾರರ ಕ್ಯಾಂಪಿನಲ್ಲಿ ಇರಬೇಕಂತೆ. ಅಲ್ಲಿ ಹೆಂಡತಿಗೆ ಜಾಗವಿಲ್ಲ, ನಾನು ಹುಬ್ಬಳ್ಳಿಗೆ ಹೋಗಬೇಕು. ನಾನು ಬೇಡವೆಂದೆ. ಅವರು "ನೋಡೂಣು" ಅಂದರು. ಆ ನೋಡೂಣುವಿಗೆ ಕೊನೆಯೇ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು.

ಪಾಸ್‌ಪೋರ್ಟಿನ ಪ್ರಕಾರ ಅವರಿಗೆ ಅರವತ್ತು. ಶಾಲೆಗೆ ಹಾಕುವಾಗ ಮಾಸ್ತರು ಜೂನ್ ಒಂದು ಎಂದು ಬರೆದು ಎರಡು ವರ್ಷ ಏರಿಸಿದರಂತೆ. ಹಾಗಾಗಿ ಯಾರು ವಯಸ್ಸು ಕೇಳಿದರೂ ಎರಡು ಕಳೆದೇ ಹೇಳುವವರು ಇವರು.

ಲಂಡನ್‌ನಿಂದ ರೈಲು, ಆಮೇಲೆ ಬಸ್ಸು ಹಿಡಿದು ಬೆಟ್ಟಗಳ ನಡುವಿನ ಸಣ್ಣ ಊರಿಗೆ ಬಂದೆವು. ಧೋ ಎಂದು ಮಳೆ. ಊರವರೆಲ್ಲ ಸೂರಿನಡಿ ಓಡಿದರೆ ಯಜಮಾನರು ಬೀದಿಯಲ್ಲೇ ಮುಖವೆತ್ತಿ ನಿಂತರು. ನೋಡಬೇಕೆಂದಿದ್ದ ಕೋಟೆ ಮುಚ್ಚಿತ್ತು. ಬಸ್ಸಿನ ಡ್ರೈವರ್ ಹಳೆಯ ವರ್ಕ್‌ಹೌಸ್ ನೋಡಿ ಎಂದ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗತಿಯಿಲ್ಲದ ಸಂಸಾರಗಳನ್ನು ಸೇರಿಸಿಕೊಳ್ಳುತ್ತಿದ್ದ ಕಲ್ಲಿನ ಕಟ್ಟಡ ಅದು.

ತೋರಿಸುವಾಕೆ ಗ್ವೆನ್ ಎಂಬ ಗುಂಡಗಿನ ಅಜ್ಜಿ. ಆಕೆಯದೊಂದು ಪದ್ಧತಿ: ಬಾಗಿಲಲ್ಲೇ ಗಂಟೆ ಬಾರಿಸಿ ಗಂಡಸರನ್ನು ಎಡಕ್ಕೆ, ಹೆಂಗಸರನ್ನು ಬಲಕ್ಕೆ ಕಳಿಸುವುದು. ಹೊಲದ ಕೂಲಿ ತಪ್ಪಿದ, ದುಡಿಯುವವನು ಹಾಸಿಗೆ ಹಿಡಿದ ಮನೆಯವರು ಇಲ್ಲಿಗೆ ಬಂದರೆ ಗಂಡ, ಹೆಂಡತಿ, ಮಕ್ಕಳನ್ನು ಹೀಗೆಯೇ ಬೇರೆ ಮಾಡುತ್ತಿದ್ದರಂತೆ. ಗಂಡಸರಿಗೆ ಕಲ್ಲು ಒಡೆಯುವ ಕೆಲಸ, ಹೆಂಗಸರಿಗೆ ಬಟ್ಟೆ ಒಗೆಯುವುದು, ಹೊಟ್ಟೆಗೆ ತೆಳು ಗಂಜಿ. ರೊಟ್ಟಿ ಚೀಲ ನನ್ನ ಹತ್ತಿರವೇ ಉಳಿಯಿತಲ್ಲ ಎಂದು ನಾನು ನಗುತ್ತಲೇ ಹೆಂಗಸರ ಅಂಗಳಕ್ಕೆ ಹೋದೆ. ಎತ್ತರದ ಗೋಡೆಯಾಚೆ ಯಜಮಾನರು ಸೀನಿದರು. ಮಳೆಯಲ್ಲಿ ನೆನೆದದ್ದಕ್ಕೆ ಸರಿಯಾಯಿತು ಅಂದುಕೊಂಡೆ, ಆದರೆ ನಗು ನಿಂತುಹೋಯಿತು. ಆ ಸೀನು ಕೇಳಿಸದ ಹುಬ್ಬಳ್ಳಿಯ ಮನೆ ಕಣ್ಣ ಮುಂದೆ ಬಂತು.

ಕೊನೆಗೆ ಎಲ್ಲರನ್ನೂ ಒಂದು ಪುಟ್ಟ ಕೋಣೆಯಲ್ಲಿ ಸೇರಿಸಿದಳು. ಇಬ್ಬರೂ ಅರವತ್ತು ದಾಟಿದ್ದರೆ, ಕೇಳಿಕೊಂಡ ದಂಪತಿಗಳು ಒಟ್ಟಿಗೆ ಇರಬಹುದೆಂದು ಮುಂದೆ ಕಾನೂನು ಬಂತಂತೆ; ಅಂಥವರ ಕೋಣೆ ಇದು. ಅಂಥವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಗ್ವೆನ್ ತಮಾಷೆಗೆ ಕೇಳಿದಳು. ಯಜಮಾನರ ಕೈ ಮೇಲೆದ್ದಿತು.

"ಐ ಆಮ್ ಸಿಕ್ಸ್ಟಿ," ಎಂದರು. ನನ್ನ ಕಡೆ ತೋರಿಸಿ, "ಶಿ ಆಲ್ಸೋ."

ನನಗಿನ್ನೂ ಐವತ್ನಾಲ್ಕು! ಬೇರೆ ದಿನವಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಅವತ್ತು ಹೋಗಿ ಪಕ್ಕದಲ್ಲಿ ಕೂತು ಚೀಲ ಬಿಚ್ಚಿದೆ. ಗ್ವೆನ್‌ಗೂ ರೊಟ್ಟಿ ಕೊಟ್ಟೆವು; ಕಟುಕಟು ಕಡಿದು, ಇಲ್ಲಿ ಗಂಜಿಯ ಬದಲು ಇದನ್ನು ಕೊಟ್ಟಿದ್ದರೆ ಯಾರೂ ಮನೆಗೆ ಹೋಗುತ್ತಿರಲಿಲ್ಲ ಎಂದಳು.

ಕುವೈತ್‌ನಲ್ಲಿ ಇಳಿದಾಗ ಮತ್ತೆ ಅದೇ ಒಲೆ. ಲಗೇಜಿಗೆ ಕಾಯುತ್ತಲೇ ಅವರು ಮ್ಯಾನೇಜರಿಗೆ ಫೋನ್ ಹಚ್ಚಿದರು. ಕ್ಯಾಂಪಿಗೆ ಬರುವುದಿಲ್ಲ, ಖಲಾಸ್ ಎಂದರು. ಆ ಕಡೆಯವರು ಕಾರಣ ಕೇಳಿದರೆಂದು ಕಾಣುತ್ತದೆ, ವಯಸ್ಸು ಅರವತ್ತಾಯಿತು ಎಂದರು.

"ಖರೇನ ಏನ್ರೀ?" ಎಂದೆ.

"ಮತ್ತ? ಹುಬ್ಬಳ್ಳಿಗೆ ಇಬ್ಬರೂ ಕೂಡೇ ಹೋಗೂಣು."

ಎರಡು ಕಳೆಯದೆ ಅವರು ವಯಸ್ಸು ಹೇಳಿದ್ದು ನನಗೆ ತಿಳಿದಂತೆ ಎರಡೇ ಸಲ. ಎರಡೂ ಸಲ ನನ್ನ ಜೊತೆ ಇರುವುದಕ್ಕೇ.