ಅಲೆ ಬರಲಿ ಎನ್ನುವ ಸೊಸೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟ ದೋಣಿಯ ಅಂಚಿನಲ್ಲಿ ಕುಳಿತ ಸೊಸೆ ರಬ್ಬರ್ ಉಡುಪಿನ ಜಿಪ್ ಎಳೆದುಕೊಳ್ಳುತ್ತಿದ್ದಾರೆ. ಅತ್ತೆ, ನೀರಿನಡಿ ಸೊಸೆಗೆ ಉಸಿರು ಕೊಡುವ ಗಾಳಿಯ ಪೈಪಿನ ಸುರುಳಿ ಬಿಚ್ಚಿ, ಎಲ್ಲಾದರೂ ಸೀಳಿದೆಯೇ ಎಂದು ಗೇಣುಗೇಣಾಗಿ ಸವರಿ ನೋಡುತ್ತಿದ್ದಾರೆ. ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿದೆ. ಎಂಥ ಚೆಂದದ ಬೆಳಗು ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಬಾಯಿಬಿಟ್ಟದ್ದೇ ತಪ್ಪಾಯಿತು.

"ಚೆಂದ ನಿಮಗೆ," ಎನ್ನುತ್ತಾರೆ ಸೊಸೆ. "ಕೆಳಗೆ ಅವಕ್ಕೆ ಸುಗ್ಗಿ."

ಅವು ಎಂದರೆ ಮುಳ್ಳುಂಡೆಗಳು. ಕಿತ್ತಳೆ ಗಾತ್ರದ, ಮೈತುಂಬ ಮುಳ್ಳಿರುವ ಕಡಲಜೀವಿಗಳು. ಈ ತಣ್ಣೀರಿನ ಬಂಡೆಗಳ ಮೇಲೆ ಆಳೆತ್ತರದ ಪಾಚಿ ಬೆಳೆಯುತ್ತದೆ, ಅದರ ಮರೆಯಲ್ಲೇ ಮೀನು ಮರಿ ದೊಡ್ಡದಾಗುವುದು. ಮುಳ್ಳುಂಡೆಗಳನ್ನು ತಿನ್ನುತ್ತಿದ್ದ ದೊಡ್ಡ ಮೀನುಗಳನ್ನು ನಾವೇ ಹಿಡಿದು ತಿಂದು ಮುಗಿಸಿದೆವು. ಹೇಳುವವರು ಕೇಳುವವರು ಇಲ್ಲದ ಮೇಲೆ ಅವು ಬಿರುಕುಗಳಿಂದ ಹೊರಬಂದು ಪಾಚಿಯನ್ನು ಬುಡಕ್ಕೇ ಕಡಿಯತೊಡಗಿದವು. ಈಗ ಎಲ್ಲಿ ನೋಡಿದರೂ ಬೋಳು ಬಂಡೆ. ಉಳಿದಿರುವುದು ಒಂದು ಅಂಗಳದಷ್ಟು ಪಾಚಿಯ ಕಾಡು. ಅದನ್ನು ಉಳಿಸಿಟ್ಟು ಹೋದವರು ಸೊಸೆಯ ಗಂಡ.

ಕೊಕ್ಕೆಯಿಂದ ಮುಳ್ಳುಂಡೆಗಳನ್ನು ಎಬ್ಬಿಸಿ ಬಲೆಚೀಲಕ್ಕೆ ತುಂಬುವುದು ಈಗ ಸೊಸೆಯ ಕೆಲಸ. ದಿನಕ್ಕೆ ಐದಾರು ಚೀಲ. ಮಾರೋಣವೆಂದರೆ, ಹಸಿದ ಮುಳ್ಳುಂಡೆಯೊಳಗೆ ತಿನ್ನುವಂಥದ್ದೇನೂ ಇರುವುದಿಲ್ಲ. ಈಕೆಯ ಬೆರಳುಗಳಲ್ಲಿ ಮುರಿದ ಮುಳ್ಳಿನ ಕಪ್ಪು ಚುಕ್ಕೆಗಳಿವೆ. "ಪಾತ್ರೆ ತೊಳೆಯುವಾಗ ಚುರ್ ಅನ್ನುತ್ತೆ, ಬಾಯಿಗೆ ಬಂದಂಗೆ ಬೈತೀನಿ. ಆಮೇಲೆ ಪಾಪ ಅನ್ಸುತ್ತೆ. ಅವಕ್ಕೂ ಹೊಟ್ಟೆ ಇದೆಯಲ್ಲ."

ಕಡಲು ಸುಮ್ಮನಿದ್ದರೆ ಏನು ಕಷ್ಟ ಎಂದು ಕೇಳುತ್ತೇನೆ.

"ಅಲೆ ಜೋರಾದ್ರೆ ಅವು ಬಂಡೆ ಕಚ್ಕೊಂಡು ಕೂರ್ತವೆ. ಅಲ್ಲಾಡಿದ್ರೆ ಕೊಚ್ಕೊಂಡು ಹೋಗ್ತವಲ್ಲ. ಪಾಚಿನೂ ಓಲಾಡ್ತಾ ಹತ್ರ ಬಂದಿದ್ದನ್ನ ಗುಡಿಸಿ ಹಾಕುತ್ತೆ. ನೀರು ಹೀಗೇ ಸುಮ್ನಿದ್ರೆ ಕೆಲವೇ ವಾರ, ನಮ್ಮ ಕಾಡು ಖಾಲಿ. ಅದಕ್ಕೇ ಅಲೆ ಬರ್ಲಿ ಅಂತ ಬೇಡ್ಕೊಳ್ಳೋದು." ಜಿಪ್ ಹಿಡಿದ ಕೈ ನಿಲ್ಲುತ್ತದೆ. "ನಮ್ಮನೆಯವರನ್ನ ಬಂಡೆಗೆ ಬಡಿದಿದ್ದೂ ಅಲೆನೇ."

ಮೂರು ವರ್ಷದ ಹಿಂದಿನ ಮಾತು. ಗಂಡ ಕೆಳಗಿದ್ದಾಗ ಶಾಂತವಾಗಿದ್ದ ಕಡಲು ಇದ್ದಕ್ಕಿದ್ದಂತೆ ಎದ್ದುಬಿಟ್ಟಿತು. ಅಂದೂ ಪೈಪ್ ಹಿಡಿದಿದ್ದವರು ಅವರ ತಾಯಿ, ಈ ಅತ್ತೆಯೇ. ಎಳೆದಾಗ ಪೈಪ್ ಹಗುರಾಗಿ ಬಂತಂತೆ, ತುದಿಯಲ್ಲಿ ಮಗನಿರಲಿಲ್ಲ.

ಅಂದಿನಿಂದ ಅತ್ತೆ ಶಾಂತ ಕಡಲನ್ನು ಬೇಡುತ್ತಾರೆ, ಸೊಸೆ ಅಲೆಯನ್ನು. "ನಮ್ಮಿಬ್ಬರ ಮಧ್ಯೆ ಸಿಕ್ಕಿ ದೇವರಿಗೇ ತಲೆಕೆಟ್ಟಿರುತ್ತೆ," ಎಂದು ನಗುತ್ತಾ ಸೊಸೆ ನೀರಿಗಿಳಿಯುತ್ತಾರೆ.

ಸೊಸೆ ಇಳಿದ ಕಡೆ ಏಳುವ ಗುಳ್ಳೆಗಳಿಂದ ಅತ್ತೆ ಕಣ್ಣು ಕೀಳುವುದಿಲ್ಲ. ನಾನು ಕೇಳದೆಯೇ ಮಾತಾಡುತ್ತಾರೆ.

"ಈಗೀಗ ನಾನೂ ಅಲೆನೇ ಕೇಳೋದು. ಅವಳಿಗೆ ಹೇಳಿಲ್ಲ, ನೀವು ಬರೆದ್ರೆ ಓದ್ಕೊಳ್ಳಲಿ. ಆ ಕಾಡು ಬಿಟ್ರೆ ನನ್ನ ಮಗಂದು ಅಂತ ಇನ್ನೇನಿದೆ? ಬರ್ಲಿ ಅಲೆ. ರಾತ್ರಿ ಹೊತ್ತು ಬರ್ಲಿ. ಇವಳು ಮನೇಲಿ, ನನ್ನ ಪಕ್ಕ ಮಲಗಿರೋವಾಗ ಬರ್ಲಿ."