ನೆಲಕ್ಕೆ ಕತ್ತರಿಸಿದ ಮಲ್ಲಿಗೆ

ಹೋದ ಭಾನುವಾರ ಬೆಳಿಗ್ಗೆ ಗೊಬ್ಬರದ ಚೀಲದ ಬಾಯಿ ಬಿಚ್ಚಿದೆ ನೋಡಿ, ಆ ವಾಸನೆ ಹಿತ್ತಲೆಲ್ಲ ಹರಡಿತು. ರೇಷ್ಮೆ ಹುಳುವಿನ ಹಿಕ್ಕೆ, ಹುಳು ತಿಂದು ಬಿಟ್ಟ ಸೊಪ್ಪಿನ ಚೂರು, ಎರಡೂ ಒಣಗಿ ಬೆರೆತ ಗೊಬ್ಬರ ಅದು. ಶಿಡ್ಲಘಟ್ಟದ ಕಡೆಯ ನನ್ನ ತವರಿನಿಂದ ವರ್ಷಕ್ಕೆರಡು ಚೀಲ ಬರುತ್ತದೆ. ಮೂಸದವರಿಗೆ ಅದನ್ನು ಹೇಗೆ ವಿವರಿಸಲಿ ಹೇಳಿ. ಹಳೆಯ ಟೀಪುಡಿ ಡಬ್ಬದಲ್ಲಿ ಒಂದಿಷ್ಟು ಹುಳಿ ಮಜ್ಜಿಗೆ ಚೆಲ್ಲಿದ ಹಾಗೆ ಅನ್ನಬಹುದೇನೋ. ನಮ್ಮನೆಯವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಮಾತ್ರ ಚೀಲದ ಪಕ್ಕದಲ್ಲೇ ಕೂತುಬಿಟ್ಟೆ. ನನಗದು ತವರಿನ ವಾಸನೆ. ಜೊತೆಗೆ, ಈ ಚಿಕ್ಕಬಳ್ಳಾಪುರದ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಮಾಡಿದ ಒಂದು ಮಹಾ ಪೆದ್ದುತನದ ವಾಸನೆಯೂ ಹೌದು.

ಈ ಭಾನುವಾರ ಸಂಜೆ ಮನೆಗೆ ಜನ ಬರುವವರಿದ್ದರು. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ನಮ್ಮೂರು, ಈ ನಾಲ್ಕೂ ಕಡೆಯ ಹೂವಿನ ಹುಚ್ಚಿನವರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಯುಗಾದಿ ಹತ್ತಿರ ಬಂತೆಂದರೆ ಫೋನಿಗೆ ಬಿಡುವಿಲ್ಲ. ಒಬ್ಬರ ಮನೆಯಲ್ಲಿ ಹೋದ ವರ್ಷ ಮುನಿಸಿಕೊಂಡಿದ್ದ ಲಿಲ್ಲಿ ಗೆಡ್ಡೆ ಈ ವರ್ಷ ಎದ್ದಿರುತ್ತದೆ. ಇನ್ನೊಬ್ಬರ ಕಾಂಪೌಂಡಿನ ಮೇಲೆ ಕಾಗದದ ಹೂವು ರಸ್ತೆಗೆ ಇಳಿದಿರುತ್ತದೆ. ತಾರಸಿಯ ಮೇಲೆ ಬಣ್ಣದ ಡಬ್ಬದಲ್ಲಿ ಬೆಳೆಸಿದ ದಾಸವಾಳದ ಪಕ್ಕ ನಿಂತು ಗಂಡಸರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಒಣಗಿದ ಗಿಡದ ಫೋಟೊ ಮಾತ್ರ ಯಾರೂ ಹಾಕುವುದಿಲ್ಲ. ನಾನೂ ಹಾಕಿಲ್ಲ, ಸುಳ್ಳು ಯಾಕೆ. ಈ ಸಲ ನಮ್ಮ ಹಿತ್ತಲಿನ ದುಂಡುಮಲ್ಲಿಗೆಯ ಫೋಟೊ ಹಾಕಿದ್ದೇ ತಡ, ನೋಡಲೇಬೇಕು ಅಂತ ಹನ್ನೊಂದು ಜನ ಹೊರಟುನಿಂತರು.

ನಮ್ಮ ಮಲ್ಲಿಗೆ ಎಂದೆನಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಅದು ನಮ್ಮತ್ತೆಯ ಮಲ್ಲಿಗೆ. ಎಂಬತ್ತೆರಡು ವಯಸ್ಸಿನ ನಮ್ಮತ್ತೆ ಇವತ್ತಿಗೂ ಆ ಗಿಡಗಳ ಬಗ್ಗೆ ಮಾತಾಡುವಾಗ ‘ನನ್ನ ಗಿಡ’ ಎಂದೇ ಶುರುಮಾಡುವುದು. ಆ ಮಾತಿನ ಹಿಂದೆ ಒಂದು ಕಾರಣ ಇದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮಾವ ಕಡತಗಳನ್ನು ನೋಡಿಕೊಂಡ ಹಾಗೆಯೇ ಮನೆಯನ್ನೂ ನೋಡಿಕೊಂಡವರು. ಇವತ್ತು ಯಾವ ಸಾರು, ಕಿಟಕಿಗೆ ಯಾವ ಬಣ್ಣ, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲವೂ ಅವರ ಬಾಯಿಂದಲೇ ಬರಬೇಕು. ಎಂಬತ್ತೆಂಟಕ್ಕೆ ಬಿದ್ದರೂ ಆ ಚಾಳಿ ಬಿಟ್ಟಿಲ್ಲ. ಅವರ ಮಾತು ನಡೆಯದ ಜಾಗ ಮನೆಯಲ್ಲಿ ಒಂದೇ, ಹಿತ್ತಲ ಗೋಡೆಯ ಪಕ್ಕದ ಆರು ಮಲ್ಲಿಗೆ ಗಿಡ. ಅಲ್ಲಿ ಅತ್ತೆಯದೇ ಸರ್ಕಾರ.

ಆ ಸರ್ಕಾರಕ್ಕೆ ಎರಡೇ ಕಾನೂನು. ಯುಗಾದಿಯ ದಿನ ಬೀದಿಯ ಎಲ್ಲ ಮನೆಗೂ ಒಂದೊಂದು ಮೊಳ ಹೂವು ಹೋಗಬೇಕು. ಗಿಡದ ಕಡ್ಡಿ ಮಾತ್ರ ಯಾರಿಗೂ ಹೋಗಕೂಡದು. ‘ಹೂವು ಎಷ್ಟಾದ್ರೂ ಕೇಳಿ, ಕಡ್ಡಿ ಕೇಳ್ಬೇಡಿ’ ಎಂದು ಅತ್ತೆ ನಗುನಗುತ್ತಲೇ ಹೇಳಿ ಎಷ್ಟೋ ಜನರನ್ನು ಬರಿಗೈಲಿ ಕಳಿಸಿದ್ದಾರೆ. ಎಂಥ ಜಿಪುಣತನ ಅಂತ ನಾನು ಒಳಗೊಳಗೇ ಆಡಿಕೊಳ್ಳುತ್ತಿದ್ದೆ. ಈ ಗಿಡ ನನ್ನದಾಗಿದ್ದರೆ ಊರಿಗೆಲ್ಲ ಹಂಚುತ್ತಿದ್ದೆ ಎಂದುಕೊಳ್ಳುತ್ತಿದ್ದೆ. ಇಲ್ಲದವರಿಗೆ ಧಾರಾಳತನ ಸಲೀಸು, ಅಲ್ಲವೇ.

ನಾನು ಮದುವೆಯಾಗಿ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ನಮ್ಮಪ್ಪನ ಮನೆಯಲ್ಲಿ ಹೂವಿನ ಗಿಡ ಎಂಬುದೇ ಇರಲಿಲ್ಲ. ಇದ್ದದ್ದು ಎರಡು ಎಕರೆ ರೇಷ್ಮೆ ಸೊಪ್ಪು, ಅಂದರೆ ಹಿಪ್ಪುನೇರಳೆ. ಅದನ್ನು ವರ್ಷಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸುತ್ತೇವೆ. ನಾಲ್ಕು ಬೆರಳು ಮೋಟು ಬಿಟ್ಟರೆ ಹೆಚ್ಚು. ಕತ್ತರಿಸಿ, ಮಣ್ಣು ತಿರುವಿ, ಹಿಕ್ಕೆ ಗೊಬ್ಬರ ಹಾಕಿ, ನೀರು ಕಟ್ಟಿದರೆ ಎರಡು ತಿಂಗಳಿಗೆ ತಲೆ ಮುಚ್ಚುವಷ್ಟು ಎದ್ದುನಿಲ್ಲುತ್ತದೆ. ಗಿಡ ಕತ್ತರಿಸುವುದು ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ ಬಗೆ. ಅದರಲ್ಲಿ ನನ್ನಷ್ಟು ಚುರುಕು ನಮ್ಮೂರಲ್ಲಿ ಯಾರೂ ಇರಲಿಲ್ಲ ಎಂಬ ಜಂಬವೂ ಇತ್ತು.

ನಾನು ಬಂದ ಮೇಲಿನ ಮೊದಲ ಜನವರಿಯಲ್ಲಿ ನನ್ನ ನಾದಿನಿಗೆ ಎರಡನೇ ಹೆರಿಗೆ. ಅವಳ ಗಂಡನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ, ಮನೆ ಗೌರಿಬಿದನೂರಿನಲ್ಲಿ. ಬಾಣಂತನಕ್ಕೆಂದು ಅತ್ತೆ ಅಲ್ಲಿಗೇ ಹೊರಟರು. ಬಸ್ಸಿಗೆ ಹೊತ್ತಾಗುತ್ತಿದ್ದರೂ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

“ಸಂಕ್ರಾಂತಿ ಆದ್ಮೇಲೆ ಮಲ್ಲಿಗೆ ಕತ್ತರಿಸಮ್ಮ. ಎಲೆ ಕಿತ್ತು, ಬುಡ ಬಿಡಿಸಿ, ಗೊಬ್ಬರ ಕೊಡು. ಗೊತ್ತು ತಾನೆ?”

“ಅಯ್ಯೋ ಅತ್ತೆ, ಕತ್ತರಿಸೋದು ನಂಗೆ ಹೇಳ್ಕೊಡ್ಬೇಕಾ? ನಮ್ಮನೇಲಿ ಅದೇ ಕೆಲಸ ಅಲ್ವಾ” ಎಂದೆ.

ಅತ್ತೆ ನನ್ನ ಭುಜ ತಟ್ಟಿದರು. “ಇದುವರೆಗೂ ಯಾರ ಕೈಗೂ ಕೊಟ್ಟಿಲ್ಲ ಕಣೇ” ಎಂದರು. ಆ ಮಾತಿಗೆ ನನಗೆ ಎಷ್ಟು ಹಿಗ್ಗಾಯಿತೆಂದರೆ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ. ಎಂಟು ತಿಂಗಳಿಂದ ಆ ಮನೆಯಲ್ಲಿ ನಾನು ಅವರಿವರು ಹೇಳಿದ್ದನ್ನು ಮಾಡಿಕೊಂಡಿದ್ದವಳು. ಮೊದಲ ಸಲ ಒಂದು ಕೆಲಸವನ್ನು ನನ್ನದು ಎಂದು ಕೊಟ್ಟಿದ್ದರು.

ಹಬ್ಬದ ಮಾರನೇ ದಿನ, ನಂದಿ ಬೆಟ್ಟದ ಕಡೆಯ ಮಂಜು ಇನ್ನೂ ಕರಗಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಡುಗೋಲು ಹಿಡಿದೆ. ಅರ್ಧ ಗಂಟೆ ಸಾಕಾಯಿತು. ಆರೂ ಗಿಡ ನೆಲಮಟ್ಟ. ನಾಲ್ಕು ಬೆರಳು ಮೋಟು, ಅಳತೆ ಇಟ್ಟ ಹಾಗೆ. ಸೊಂಟದ ಮೇಲೆ ಕೈಯಿಟ್ಟು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಗೋಡೆಯ ಮೇಲಿಂದ ಇಣುಕಿದರು. ಅವರ ಮನೆಮಾತು ತೆಲುಗು. ಗಾಬರಿಯಾದರೆ ಕನ್ನಡ ಮರೆತುಹೋಗುತ್ತದೆ.

“ಅಯ್ಯೋ, ಏಂ ಚೇಸ್ತಿವಮ್ಮಾ” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕನ್ನಡಕ್ಕೆ ಬಂದು, “ಏನ್ ಮಾಡ್ಬಿಟ್ಟೆಯಮ್ಮಾ, ನಿಮ್ಮತ್ತೆ ಸೊಂಟದಷ್ಟು ಬಿಟ್ಟು ಮೇಲ್ಮೇಲೆ ಕತ್ತರಿಸ್ತಾರಲ್ಲಮ್ಮಾ. ಮಲ್ಲಿಗೇನ ಯಾರಾದ್ರೂ ಹಿಂಗೆ ನೆಲಕ್ಕೆ ಕತ್ತರಿಸ್ತಾರಾ?” ಎಂದರು.

ಕುಡುಗೋಲನ್ನು ಅಲ್ಲೇ ಬಿಟ್ಟೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತವಳು ಎಷ್ಟು ಹೊತ್ತು ಕೂತಿದ್ದೆನೋ. ಅತ್ತೆಗೆ ಆ ಮನೆಯಲ್ಲಿ ಇದ್ದದ್ದೇ ಆ ಆರು ಗಿಡ. ಅದನ್ನು ನಂಬಿ ನನ್ನ ಕೈಗೆ ಕೊಟ್ಟಿದ್ದರು. ಕಡಿದ ಕಡ್ಡಿಗಳ ರಾಶಿ ನೋಡನೋಡುತ್ತ ನನಗೆ ಅಳುವೇ ಬಂತು.

ಮಧ್ಯಾಹ್ನ ನಮ್ಮಪ್ಪನಿಗೆ ಫೋನು ಮಾಡಿದೆ. ಮಾರನೇ ದಿನ ಮೊದಲನೇ ಬಸ್ಸಿಗೇ ಹಿಕ್ಕೆಯ ಚೀಲ ಹೊತ್ತು ಬಂದರು. ಆರು ಮೋಟುಗಳನ್ನೂ ನೋಡಿದರು.

“ಕತ್ತರಿಸಿರೋದೇನೋ ಚೆನ್ನಾಗೈತೆ” ಎಂದರು.

“ಅಪ್ಪಾ, ಇದು ಮಲ್ಲಿಗೆ.”

“ಅದೇ ಕಣಮ್ಮ ನಂಗೂ ಯೋಚ್ನೆ.”

ಕುಕ್ಕರಗಾಲಲ್ಲಿ ಕೂತು ಒಂದು ಮೋಟಿನ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿತ್ತು. “ಜೀವ ಐತೆ. ಬುಡಕ್ಕೆ ಇದನ್ನ ಹಾಕು, ಹದವಾಗಿ ನೀರು ಕೊಡು. ಬಾಕಿದ್ದು ದೇವರಿಗೆ ಬಿಡು” ಎಂದು ಕಾಫಿ ಕುಡಿದು ಹೊರಟರು. ಬಾಗಿಲ ಹತ್ತಿರ ನಿಂತು, “ನಿಮ್ಮತ್ತೆ ಬೈದ್ರೆ ಬೈಸ್ಕೊ. ಎದುರು ಮಾತಾಡ್ಬೇಡ” ಎಂದೂ ಹೇಳಿದರು.

ವಾರಕ್ಕೊಮ್ಮೆ ಗೌರಿಬಿದನೂರಿಂದ ಫೋನು ಬರುತ್ತಿತ್ತು. ಎಲೆ ಕಿತ್ತೆಯಾ ಎಂದು ಕೇಳಿದರು. ಒಂದೆಲೆಯೂ ಉಳಿದಿಲ್ಲ ಅತ್ತೆ ಎಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಫೋನು ಇಟ್ಟಮೇಲೆ ಅದು ಸುಳ್ಳೇ ಅನ್ನಿಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗಿ ಬಗ್ಗಿ ನೋಡುವುದೇ ಕೆಲಸವಾಯಿತು. ಹದಿನೇಳನೇ ದಿನ ಒಂದು ಮೋಟಿನ ಪಕ್ಕದಲ್ಲಿ ಸಾಸಿವೆಯಷ್ಟು ಕೆಂಪು ಮೊಳಕೆ ಕಂಡಿತು. ಅದಕ್ಕೆ ಕೈ ಮುಗಿದೆ ಎಂದರೆ ನೀವು ನಗುತ್ತೀರಿ. ನಗಿ, ನಾನು ಮುಗಿದದ್ದು ನಿಜ.

ಅತ್ತೆ ಶಿವರಾತ್ರಿ ಕಳೆದು ಬಂದರು. ಕೈಕಾಲು ತೊಳೆದವರೇ ನೇರ ಹಿತ್ತಲಿಗೆ ಹೋದರು. ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದೆ. ಎದೆಮಟ್ಟದ ಪೊದೆಗಳಿದ್ದ ಕಡೆ ಗೇಣುದ್ದದ ಚಿಗುರು. ಅತ್ತೆ ಒಂದು ಗಿಡದ ಹತ್ತಿರ ನಿಂತರು, ಇನ್ನೊಂದರ ಹತ್ತಿರ ನಿಂತರು. ವಾಪಸು ಬಂದು ಸೊಪ್ಪು ಬಿಡಿಸಲು ಕೂತರು. ಬೈಯಲಿಲ್ಲ. ಬೈದಿದ್ದರೆ ಅಪ್ಪ ಹೇಳಿದ ಹಾಗೆ ಬೈಸಿಕೊಳ್ಳುತ್ತಿದ್ದೆ. ಸೊಪ್ಪು ಬಿಡಿಸುತ್ತಲೇ, “ಇನ್ಮೇಲೆ ನಾನು ಹಿತ್ತಲಿಗೆ ಹೋಗಲ್ಲ” ಎಂದರು. ಹೋಗಲೂ ಇಲ್ಲ. ಬೇರೆ ಮಾತೆಲ್ಲ ಎಂದಿನ ಹಾಗೆಯೇ. ಉಪ್ಪು ಕೊಡು, ಹಾಲು ಬಂತಾ, ನಿನ್ನ ಗಂಡ ಎಲ್ಲಿ. ಮಲ್ಲಿಗೆ ಎಂಬ ಮೂರಕ್ಷರ ಮಾತ್ರ ಮನೆಯಲ್ಲಿ ಇಲ್ಲವಾಯಿತು.

ಯುಗಾದಿ ಬಂತು. ಗಿಡ ಸೊಂಟದವರೆಗೆ ಎದ್ದಿತ್ತು, ಎಲೆ ಕರ್ರಗೆ ಮಿರುಗುತ್ತಿತ್ತು, ಮೊಗ್ಗು ಮಾತ್ರ ಒಂದೂ ಇಲ್ಲ. ಬೆಳಿಗ್ಗೆ ಅತ್ತೆ ಪೇಟೆಯಿಂದ ಹೂವು ತರಿಸಿದರು. ಅವರ ಕೈಯಲ್ಲಿ ಕೊಂಡ ಹೂವನ್ನು ಆ ಬೀದಿ ಅವತ್ತೇ ಮೊದಲು ನೋಡಿದ್ದು. ಮನೆಮನೆಗೂ ಹೋಗಿ ಕೊಟ್ಟರು. ಬೇವು ಬೆಲ್ಲದ ಬಟ್ಟಲು ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ. ಕೊನೆಯ ಮನೆಯವರು, “ಯಾಕಮ್ಮ, ಈ ಸಲ ನಿಮ್ಮ ಗಿಡದ್ದಲ್ವಾ?” ಎಂದು ಕೇಳೇಬಿಟ್ಟರು. ನಾನು ಬಟ್ಟಲಿನ ಬೇವನ್ನೇ ನೋಡುತ್ತ ನಿಂತೆ.

“ಹಳೇ ಗಿಡ ಅಲ್ವಾ, ನಾನೇ ಪೂರ್ತಿ ಕತ್ತರಿಸೋಕೆ ಹೇಳ್ದೆ. ಬರುತ್ತೆ, ನೋಡ್ತಿರಿ” ಎಂದರು ಅತ್ತೆ.

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೀದಿಯುದ್ದಕ್ಕೂ ನಾನು ತಲೆ ತಗ್ಗಿಸಿ ನಡೆದೆ. ಅಷ್ಟು ನಾಚಿಕೆಯೂ ಅಷ್ಟು ಪ್ರೀತಿಯೂ ಒಟ್ಟಿಗೇ ನನಗೆ ಮತ್ತೆಂದೂ ಆಗಿಲ್ಲ.

ಯುಗಾದಿ ಕಳೆದು ತಿಂಗಳಾಗಿತ್ತು. ಒಂದು ಸಂಜೆ ನೀರು ಹಾಕಲು ಹೋದವಳು ಬಿಂದಿಗೆ ಅಲ್ಲೇ ಇಟ್ಟೆ. ಪ್ರತಿ ಚಿಗುರಿನ ತುದಿಯಲ್ಲೂ ಮೂರು, ಐದು, ಏಳು ಮೊಗ್ಗು. ಹಳೆಯ ಗಿಡದಲ್ಲಿ ಮೊಗ್ಗಿಗಾಗಿ ಎಲೆ ಸರಿಸಿ ಹುಡುಕಬೇಕಿತ್ತು. ಈಗ ಎಲೆಯನ್ನೇ ಹುಡುಕಬೇಕು. ಬಟಾಣಿ ಕಾಳಿನ ಗಾತ್ರದ ಮೊಗ್ಗುಗಳು. ನಾನು ಒಳಗೆ ಹೋಗಿ ಅತ್ತೆಯ ಕೈ ಹಿಡಿದು ಎಳೆದೆ. ಹೋಗಲ್ಲ ಎಂದಿದ್ದವರು ಚಪ್ಪಲಿಯನ್ನೂ ಮೆಟ್ಟದೆ ಬಂದರು.

ಒಂದು ಟೊಂಗೆ ಬಗ್ಗಿಸಿ ನೋಡಿದರು. ಆರೂ ಗಿಡ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಗಟ್ಟಿ ದನಿಯಲ್ಲಿ, “ವೆಂಕಟಲಕ್ಷ್ಮಮ್ಮಾ, ಬುಟ್ಟಿ ತಗೊಂಡು ಬಾ. ಬೀದಿಯೋರನ್ನೆಲ್ಲ ಕರಿ. ನನ್ನ ಕೈಲಿ ಬಿಡಿಸೋಕಾಗಲ್ಲ” ಎಂದು ಕೂಗಿದರು.

ಆ ಸಂಜೆ ನಮ್ಮ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಟ್ಟಿ ತುಂಬಿತು, ಮೊರ ತುಂಬಿತು, ಮಾವನ ಹೊಸ ಪಂಚೆಯನ್ನೂ ಹಾಸಿದ್ದಾಯಿತು. ಮಾವ ಏನೋ ಹೇಳಲು ಬಂದು, ಹೆಂಗಸರ ಗುಂಪು ನೋಡಿ ಹಾಗೇ ಹಿಂತಿರುಗಿದರು. ಯಾರೋ ನನ್ನ ಜಡೆಗೆ ಸುತ್ತಿದ ಹೂವಿನ ಭಾರಕ್ಕೆ ಕತ್ತು ಹಿಂದಕ್ಕೆ ಜಗ್ಗುತ್ತಿತ್ತು. ಅತ್ತೆ ನನ್ನ ಪಕ್ಕದಲ್ಲಿ ಕೂತು ಕಟ್ಟುತ್ತ ತಗ್ಗಿದ ದನಿಯಲ್ಲಿ ಹೇಳಿದ್ದು ಒಂದೇ ಮಾತು. “ನಿಮ್ಮಪ್ಪಂಗೆ ಫೋನ್ ಮಾಡು. ಇನ್ನೊಂದ್ ಚೀಲ ಬೇಕು ಅನ್ನು.”

ಅಲ್ಲಿಂದ ಮುಂದೆ ನಮ್ಮ ಹಿತ್ತಲಲ್ಲಿ ರೇಷ್ಮೆಯವರ ಪದ್ಧತಿಯೇ ನಡೆಯುತ್ತಿದೆ. ಮೂರು ವರ್ಷಕ್ಕೊಮ್ಮೆ ಗಿಡ ನೆಲಕ್ಕೆ. ಕಾರ್ತಿಕ ಮುಗಿದ ಕೂಡಲೇ ಕತ್ತರಿಸಿಬಿಟ್ಟರೆ ಯುಗಾದಿಗೆ ಸರಿಯಾಗಿ ಹೂವು. ಕುಡುಗೋಲು ಹಿಡಿಯುವವಳು ನಾನು, ಕುರ್ಚಿ ಹಾಕಿಕೊಂಡು ಉಸ್ತುವಾರಿ ಮಾಡುವವರು ಅತ್ತೆ. ಬಂದವರಿಗೆಲ್ಲ ‘ನನ್ನ ಗಿಡ ನಾನು ಹಿಂಗೇ ಕತ್ತರಿಸೋದು’ ಎನ್ನುತ್ತಾರೆ. ನನಗೆ ಒಳಗೆ ಸ್ವಲ್ಪ ಉರಿಯುತ್ತದೆ. ಏನು ಮಾಡುವುದು, ಯುಗಾದಿಯ ಆ ಮಾತಿನ ಋಣದಲ್ಲಿ ಇದ್ದೇನಲ್ಲ ಎಂದು ಸುಮ್ಮನಿರುತ್ತೇನೆ.

ಭಾನುವಾರ ನಾಲ್ಕಕ್ಕೆ ಹನ್ನೊಂದೂ ಜನ ಬಂದರು. ಹೂವು ನೋಡಿದ ಕೂಡಲೇ ಫೋನುಗಳು ಹೊರಬಂದವು. ಚಿಂತಾಮಣಿಯ ಒಬ್ಬ ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಇಂಥ ಗಿಡ ನಾನು ನೋಡೇ ಇಲ್ಲ ಎಂದರು. ನಾನು ಕಾಫಿ ತಟ್ಟೆ ಹಿಡಿದು, ನನಗೇನೂ ಆಗಿಲ್ಲ ಎಂಬಂತೆ ಓಡಾಡುತ್ತಿದ್ದೆ. ಒಳಗೆ ಮೆರವಣಿಗೆಯೇ ಹೊರಟಿತ್ತು ಅನ್ನಿ. ಅಷ್ಟರಲ್ಲಿ ಗೌರಿಬಿದನೂರಿನ ಹುಡುಗಿಯೊಬ್ಬಳು ಬುಡದ ಹತ್ತಿರ ಬಗ್ಗಿದಳು. ನೆಲಕ್ಕೆ ತಾಗಿದ ಟೊಂಗೆಗಳು ಅಲ್ಲಲ್ಲೇ ಬೇರು ಬಿಟ್ಟಿದ್ದವು. “ಅಜ್ಜೀ, ಬೇರು ಬಂದಿರೋ ಕಡ್ಡಿ ಒಂದು ಸಿಗುತ್ತಾ?” ಎಂದು ಅತ್ತೆಯನ್ನು ಕೇಳಿದಳು.

ಉತ್ತರ ನನಗೆ ಬಾಯಿಪಾಠ. ಹುಡುಗಿಗೆ ಬೇಜಾರಾಗದಂತೆ ಇನ್ನೊಂದು ಲೋಟ ಕಾಫಿ ಕೊಡೋಣ ಎಂದು ತಿರುಗಿದೆ.

“ನನ್ನ ಯಾಕಮ್ಮ ಕೇಳ್ತೀಯ? ಗಿಡ ಅವಳದು. ಅವಳನ್ನ ಕೇಳು” ಎಂದರು ಅತ್ತೆ.

ತಟ್ಟೆ ಹಿಡಿದವಳು ನಿಂತಲ್ಲೇ ತಿರುಗಿದೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಸಂತೋಷವೇನೋ ಆಯಿತು. ಆದರೆ ನಿಜ ಹೇಳಲೇ? ಆ ಕ್ಷಣಕ್ಕೆ ನನ್ನ ನಾಲಿಗೆಯ ತುದಿಗೆ ಬಂದ ಮಾತು ‘ಕೊಡಲ್ಲ’ ಎಂಬುದು. ಊರಿಗೆಲ್ಲ ಹಂಚುತ್ತೇನೆ ಎಂದುಕೊಳ್ಳುತ್ತಿದ್ದವಳು, ನನ್ನದು ಎಂದಾದ ಮರುಗಳಿಗೆಯೇ ಮುಷ್ಟಿ ಬಿಗಿಹಿಡಿದಿದ್ದೆ. ಅತ್ತೆ ಇಷ್ಟು ವರ್ಷ ಯಾಕೆ ಕೊಡಲಿಲ್ಲ ಎಂಬುದು ಆಗ ಅರ್ಥವಾಯಿತು. ಅವರನ್ನು ಆಡಿಕೊಂಡದ್ದಕ್ಕೆಲ್ಲ ನಾಚಿಕೆಯಾಯಿತು.

ತಟ್ಟೆ ಕೆಳಗಿಟ್ಟು ಗುದ್ದಲಿ ತಂದೆ. ಹನ್ನೊಂದು ಜನಕ್ಕೂ ಬೇರು ಸಮೇತ ಒಂದೊಂದು ಕಡ್ಡಿ ಅಗೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಬುಡಕ್ಕೆ ಒಂದು ಹಿಡಿ ಹಿಕ್ಕೆ ಹಾಕಿ ಕೊಟ್ಟೆ. ಮೊದಲನೆಯದನ್ನು ಅಗೆಯಲು ಮನಸ್ಸು ಒಪ್ಪಲಿಲ್ಲ. ಮೂರನೆಯದರ ಹೊತ್ತಿಗೆ ಹುಮ್ಮಸ್ಸೇ ಬಂದುಬಿಟ್ಟಿತು. ಬರುವ ವಸಂತಕ್ಕೆ ನಾಲ್ಕೂ ಊರಲ್ಲಿ ಈ ಮಲ್ಲಿಗೆ ಬಿಡುತ್ತದೆ.

ಎಲ್ಲರೂ ಹೋದಮೇಲೆ ನಾನು ಅಗೆದ ಗುಣಿಗಳನ್ನು ಅತ್ತೆ ಒಂದೊಂದಾಗಿ ನೋಡಿದರು. “ಹನ್ನೊಂದು ಕಡ್ಡಿ ಕೊಟ್ಬಿಟ್ಯಲ್ಲೇ. ನನ್ನ ಒಂದ್ ಮಾತು ಕೇಳ್ಬಾರ್ದಾ?” ಎಂದರು.

“ಯಾಕೆ ಕೇಳ್ಬೇಕು ಅತ್ತೆ? ನನ್ನ ಗಿಡ” ಎಂದೆ.

ಅಂದದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತ ಹಾಗೆಯೇ ನನ್ನ ಮುಖ ನೋಡಿದರು. ನೋಡುತ್ತ ನೋಡುತ್ತ ಅವರ ಹೊಟ್ಟೆ ಕುಲುಕತೊಡಗಿತು. ನಗು ನಿಂತಮೇಲೆ ಕಣ್ಣೊರೆಸಿಕೊಂಡು, ನನ್ನ ಮುಂದೆ ಸೆರಗು ಒಡ್ಡಿದರು.

“ಹಂಗಾದ್ರೆ ನಂಗೂ ಒಂದ್ ಮೊಳ ಹೂವು ಕೊಡಮ್ಮ” ಎಂದರು.